ಅವೆನ್ಯೂ ರೋಡ್ ಮಳೆ ಸಂಜೆಗೆ ವಾಟರ್‌ಕಲರಾ, ಗ್ವಾಶಾ, ಅಕ್ರಿಲಿಕ್ಕಾ?

ಬೆಂಗಳೂರಿನ ಮೈಸೂರ್ ಬ್ಯಾಂಕ್ ಸರ್ಕಲ್ ಕಡೆಯಿಂದ ಅವೆನ್ಯೂ ರೋಡ್ ಕಾಣೋ ಫೋಟೋ ಒಂದನ್ನೇ ಮುಂದಿಟ್ಕೊಂಡು ಮೂರರಲ್ಲೂ ಬಿಡಿಸಿ ನೋಡ್ದೆ. ಗ್ವಾಶ್ ಅಂದ್ರೆ ನೀರಲ್ಲೇ ಕಲಸೋ, ಆದ್ರೆ ಕೆಳಗಿನ ಬಣ್ಣ ಕಾಣದಂಗೆ ಮುಚ್ಚೋ ಬಣ್ಣ. ಮಳೆ ಈಗಷ್ಟೇ ನಿಂತಿರೋ ಸಂಜೆ. ಅಂಗಡಿ ಬೋರ್ಡು, ಕಿಟಕಿ ಸರಳು ಯಾವ್ದೂ ಬೇಡ, ಆ ಇಕ್ಕಟ್ಟು, ಒದ್ದೆ ಟಾರು, ಮಾರ್ಕೆಟ್ ಕಡೆ ಹೋಗ್ತಾ ಹೋಗ್ತಾ ಮಸುಕಾಗೋ ಬಿಲ್ಡಿಂಗು ಬಂದ್ರೆ ಸಾಕು.

ಆ ಮಸುಕಿಗೆ ವಾಟರ್‌ಕಲರ್ ಮುಂದೆ ಯಾವ್ದೂ ನಿಲ್ಲಲ್ಲ. ಪೇಪರ್ ಒದ್ದೆ ಇರೋವಾಗ್ಲೇ ದೂರದ ಬಿಲ್ಡಿಂಗ್ ಹಚ್ಚಿಬಿಟ್ರೆ ಅಂಚು ತಾನಾಗೇ ಕರಗುತ್ತೆ. ಆದ್ರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗೋ) ದಪ್ಪ ಕಾಟನ್ ಪೇಪರೇ ಬೇಕು, ಮಾಮೂಲಿ ಡ್ರಾಯಿಂಗ್ ಶೀಟ್ ಉಬ್ಬಿ ನೀರೆಲ್ಲಾ ಗುಂಡಿಲಿ ನಿಂತ್ಕೊಳ್ಳುತ್ತೆ. ಒಣಗಿದ್ಮೇಲೆ ಬಣ್ಣ ತಿಳಿಯಾಗೋದ್ರಿಂದ ಹಚ್ಚುವಾಗ್ಲೇ ಒಂಚೂರು ಗಾಢ ಇರ್ಲಿ.

ಬೂದಿ ಬಣ್ಣದ ವಿಷ್ಯ ಹೇಳ್ಲೇಬೇಕು. ಟ್ಯೂಬಿಂದ ನೇರ ಪೇನ್ಸ್ ಗ್ರೇ ಅನ್ನೋ ನೀಲಿ ಮಿಶ್ರಿತ ಬೂದಿ ಹಾಕಿದ್ರೆ ಇಡೀ ರಸ್ತೆ ಒಂದೇ ಥರ ನೀಲಿನೀಲಿಯಾಗಿ ಜೀವ ಇಲ್ದಂಗೆ ಕಾಣುತ್ತೆ. ಅದೇ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿ, ಪೂರ್ತಿ ಕಲಸ್ದೇ ಹಚ್ಚಿ ನೋಡಿ, ಸಿಯೆನ್ನಾ ಜಾಸ್ತಿ ಆದ ಕಡೆ ಹಳೇ ಗೋಡೆ ಆಗುತ್ತೆ, ನೀಲಿ ಜಾಸ್ತಿ ಆದ ಕಡೆ ನೆರಳು, ಅಲ್ಟ್ರಾಮರೀನ್ ಕಣ ಪೇಪರಿನ ತಗ್ಗಲ್ಲಿ ಕೂತು ಟಾರಿನ ತರಿತರಿನೂ ಬಂದ್ಬಿಡುತ್ತೆ. ಎಷ್ಟು ಚೆಂದ ಅಂತೀರಾ!

ಗ್ವಾಶ್ ಗೆಲ್ಲೋದು ಹತ್ತಿರದ ವಸ್ತುಗಳಲ್ಲಿ. ಕಪ್ಪು ಮೇಲೆ ತಿಳಿ ಬಣ್ಣ ಕೂರುತ್ತಲ್ಲ, ಹಾಗಾಗಿ ಫುಟ್‌ಪಾತಿನ ಪುಸ್ತಕದ ರಾಶಿ ಮೇಲೆ ಹೊದಿಸಿರೋ ಪ್ಲಾಸ್ಟಿಕ್ಕಿನ ಹೊಳಪನ್ನ ಕೊನೇಲಿ ಒಂದೇ ಏಟಿಗೆ ಇಡ್ಬೋದು. ಆಟೋದ ಹಳದಿಗೆ ಯೆಲ್ಲೋ ಓಕರ್ ಅನ್ನೋ ಮಣ್ಣು ಹಳದಿ ತಗೊಂಡು ಚಿಟಿಕೆ ನೇರಳೆ ಸೇರಿಸಿದ್ರೆ ಮಳೆ ಬೆಳಕಿಗೆ ಹೊಂದುತ್ತೆ. ಕಷ್ಟ ಏನಂದ್ರೆ ತಿಳಿ ಬಣ್ಣ ಒಣಗಿದ್ಮೇಲೆ ಒಂಚೂರು ಗಾಢ ಆಗುತ್ತೆ, ಗಾಢ ಬಣ್ಣ ತಿಳಿಯಾಗುತ್ತೆ, ಎರಡನೇ ಸಲ ಉಜ್ಜಿದ್ರೆ ಕೆಳಗಿನ ಪದರ ಎದ್ದು ಕೆಸರಾಗುತ್ತೆ.

ಅಕ್ರಿಲಿಕ್ ದೊಡ್ಡ ಕ್ಯಾನ್ವಾಸಿಗೆ ಸರಿ. ನಮ್ಮ ಬೇಸಿಗೇಲಿ ಬ್ರಶ್ ಎತ್ತೋದ್ರೊಳಗೆ ಒಣಗುತ್ತೆ, ಅಂಚೆಲ್ಲಾ ಕತ್ತರಿಸಿದಂಗೆ ನಿಲ್ಲುತ್ತೆ, ಈ ಥರದ ಚಿತ್ರಕ್ಕೆ ನಂಗೆ ಬೇಡ.

ಒಂದೇ ಆರಿಸಿ ಅಂದ್ರೆ ವಾಟರ್‌ಕಲರ್. ಜನಕ್ಕೆ ಒಂದು ಚುಕ್ಕೆ ತಲೆ, ಕೆಳಗೆ ಚೂಪಾಗೋ ಒಂದು ಗೀಟು, ಪಾದ ಬಿಡಿಸ್ಬೇಡಿ, ಆಗ ನಡೀತಿರೋ ಹಾಗೆ ಕಾಣ್ತಾರೆ. ಹೆಡ್‌ಲೈಟಿಗೆ ಮಾತ್ರ ಕೊನೇಲಿ ಬಿಳಿ ಗ್ವಾಶಿನ ಒಂದು ಚುಕ್ಕೆ ಇಡಿ.