ಕಫ ಕಲ್ಚರ್ ಮಾಡ್ಸೋದಿದ್ರೆ ಈ ಲ್ಯಾಬ್‌ಗೇ ಹೋಗಿ (ಹಾಸನ, ಬಿ.ಎಂ. ರಸ್ತೆ)

ಕಫ ಕಲ್ಚರ್ ಅಂದ್ರೆ ಕಫದಲ್ಲಿರೋ ಕೀಟಾಣುನ ಬೆಳೆಸಿ, ಅದು ಯಾವ ಮದ್ದಿಗೆ ಸಾಯುತ್ತೆ ಅಂತ ನೋಡೋ ಪರೀಕ್ಷೆ. ನಾವು ಆಲೂರು ಕಡೆಯವ್ರು. ಅಪ್ಪಂಗೆ ಎಪ್ಪತ್ತೊಂದು ವರ್ಷ, ಬೀಡಿ ಬಿಟ್ಟು ಹತ್ತು ವರ್ಷ ಆಯ್ತು, ಆದ್ರೂ ಚಳಿ ಬಿತ್ತು ಅಂದ್ರೆ ಕೆಮ್ಮು ಶುರು. ಊರಲ್ಲಿ ಮೆಡಿಕಲ್‌ಗೆ ಹೋಗಿ ಕೆಮ್ಮು ಅಂದ್ರೆ ಸಾಕು, ಅಜಿಥ್ರೋ 500 (ಅಜಿಥ್ರೋಮೈಸಿನ್, ಬ್ಯಾಕ್ಟೀರಿಯಾ ಸಾಯಿಸೋ ಆಂಟಿಬಯೋಟಿಕ್) ಮೂರು ಮಾತ್ರೆ ಸ್ಟ್ರಿಪ್ ಕೈಗೆ ಬರುತ್ತೆ, ಚೀಟಿ ಯಾರೂ ಕೇಳಲ್ಲ. ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೀಟು ಇರುತ್ತಲ್ಲ, ಡಾಕ್ಟ್ರು ಬರ್ಕೊಡದೆ ತಗೋಬಾರ್ದು ಅಂತ ಅದರರ್ಥ, ನಂಗೂ ಈಗ್ಲೇ ಗೊತ್ತಾಗಿದ್ದು. ದೀಪಾವಳಿಯಿಂದ ಈಚೆಗೆ ಅಪ್ಪ ಅಂಥ ಮೂರು ಸ್ಟ್ರಿಪ್ ನುಂಗಿದ್ರು, ಮೊದಲನೇದು ಬರೀ ನೆಗಡಿಗೆ. ನೆಗಡಿ ವೈರಸ್‌ನಿಂದ ಬರೋದು, ಆ ಮಾತ್ರೆ ವೈರಸ್ಸಿಗೆ ತಾಕೋದೇ ಇಲ್ಲ.

ಕೊನೆಗೆ ಜ್ವರ, ಹಳದಿ ಕಫ, ಎರಡು ಹೆಜ್ಜೆ ಇಟ್ರೆ ಏದುಸಿರು. ಹಾಸನದಲ್ಲಿ ಎದೆ ಡಾಕ್ಟ್ರು ಎಕ್ಸ್‌ರೇ ನೋಡಿ ನ್ಯುಮೋನಿಯಾ ಅಂದ್ರು, ಮೊದ್ಲು ಕಫ ಕಲ್ಚರ್‌ಗೆ ಕೊಟ್ಟು ಬನ್ನಿ, ನೀವು ವಾಪಸ್ ಬಂದ ತಕ್ಷಣ ಇಂಜೆಕ್ಷನ್ ಶುರು ಮಾಡ್ತೀನಿ ಅಂತ ಈ ಲ್ಯಾಬ್‌ಗೆ ಕಳ್ಸಿದ್ರು.

ಅಪ್ಪ ಡಬ್ಬಿಗೆ ಉಗಿದು ಕೊಟ್ಟಿದ್ದನ್ನ ಅಲ್ಲಿನ ಹುಡುಗಿ ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಳು. "ಯಜಮಾನ್ರೇ, ಇದು ಎಂಜಲು, ನಂಗೆ ಎದೆಯೊಳಗಿನ ಕಫ ಬೇಕು" ಅಂದು ಬಾಯಿ ಮುಕ್ಕಳಿಸೋಕೆ ನೀರು ಕೊಟ್ಟು, ಪಕ್ಕದಲ್ಲೇ ನಿಂತು ಉಸಿರು ಪೂರ್ತಿ ಎಳ್ಕೊಳ್ಳಿ ಈಗ ಕೆಮ್ಮಿ ಅಂತ ಮೂರ್ನಾಲ್ಕು ಸಲ ಹೇಳಿ ತೆಗೆಸಿದ್ಳು, ಒಂಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ. ಎಂಜಲು ಬೆಳೆಸಿದ್ರೆ ಬಾಯಲ್ಲಿರೋ ಕೀಟಾಣುನೇ ಬೆಳೆಯುತ್ತಂತೆ, ರಿಪೋರ್ಟ್ ದಾರಿ ತಪ್ಪಿಸುತ್ತೆ. ಈಗಾಗ್ಲೇ ಯಾವ್ಯಾವ ಮಾತ್ರೆ ತಗೊಂಡಿದ್ದೀರ ಅಂತ ಕೇಳಿ ಫಾರಂ ಮೇಲೂ ಬರ್ಕೊಂಡ್ಳು.

ಮೂರನೇ ದಿನ ರಿಪೋರ್ಟ್ ತಗೊಳ್ಳೋಕೆ ಹೋದಾಗ ಲ್ಯಾಬ್ ಮೇಡಂ ಕೀಟಾಣು ಬೆಳೆಸಿದ ತಟ್ಟೆನೇ ತೋರಿಸಿದ್ರು, ಮುಚ್ಚಳ ತೆಗೀದೆ. ರಕ್ತ ಹಾಕಿರೋ ಕೆಂಪು ತಟ್ಟೆ, ಅದ್ರ ಮೇಲೆ ಬಟನ್‌ಗಿಂತ ಸಣ್ಣ ಬಿಳಿ ಬಿಲ್ಲೆಗಳು, ಒಂದೊಂದ್ರಲ್ಲೂ ಒಂದೊಂದು ಮದ್ದು. ಕೆಲವು ಬಿಲ್ಲೆ ಸುತ್ತ ಅಗಲವಾಗಿ ಖಾಲಿ ಉಂಗುರ, ಅಲ್ಲಿ ಏನೂ ಬೆಳೆದಿಲ್ಲ. ಎರಿಥ್ರೋಮೈಸಿನ್ ಅನ್ನೋದು ಅಜಿಥ್ರೋ ಜಾತಿದೇ ಮದ್ದು, ಅದರ ಬಿಲ್ಲೆ ಫಲಿತಾಂಶನೇ ಅಜಿಥ್ರೋಗೂ ಲೆಕ್ಕ, ಆ ಬಿಲ್ಲೆ ಅಂಚಿನವರೆಗೂ ಕೀಟಾಣು ಮುತ್ಕೊಂಡಿತ್ತು. ನೋಡಿ ನಂಗೆ ಎದೆ ಧಸಕ್ಕಂತು, ಅಪ್ಪ ನುಂಗಿದ ಒಂಬತ್ತು ಮಾತ್ರೆ ಕಥೆ ಅಷ್ಟೇ ಅಲ್ವಾ.

ಆ ಕೀಟಾಣು ಹೆಸ್ರು ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ. ಮದ್ದು ಹೋಗಿ ಅಂಟ್ಕೊಳ್ಳೋ ಜಾಗನೇ ಇದು ಬದಲಾಯಿಸ್ಕೊಳ್ಳುತ್ತೆ, ಇಲ್ಲಾ ಒಳಗೆ ಬಂದ ಮದ್ದನ್ನ ಪಂಪ್ ಮಾಡಿ ಆಚೆ ಹಾಕುತ್ತೆ ಅಂತ ಮೇಡಂ ಹೇಳಿದ್ರು. ಅಜಿಥ್ರೋ ಮೂರೇ ದಿನ ನುಂಗಿದ್ರೂ ಮೈಯಲ್ಲಿ ಎಷ್ಟೋ ದಿನ ಸ್ವಲ್ಪ ಸ್ವಲ್ಪ ಉಳ್ದಿರುತ್ತೆ, ಆಗ ಬಡ ಕೀಟಾಣು ಸತ್ತು ತಡ್ಕೊಳ್ಳೋವು ಮಾತ್ರ ಹೆಚ್ಕೊಳ್ತವೆ. ಅಪ್ಪನ ಮೈಗೆ ಮಾತ್ರೆ ಒಗ್ಗೋಯ್ತು ಅಂದ್ಕೊಂಡಿದ್ದೆ, ಒಗ್ಗಿಸ್ಕೊಂಡಿದ್ದು ಕೀಟಾಣು, ಕೆಮ್ಮಿದ್ರೆ ಅದೇ ಪಕ್ಕದಲ್ಲಿ ಮಲಗೋ ಮೊಮ್ಮಗುಗೂ ಹೋಗುತ್ತೆ.

ಆದ್ರೆ ಪೆನಿಸಿಲಿನ್‌ಗೆ ಇದು ಸಾಯುತ್ತೆ ಅಂತ ರಿಪೋರ್ಟಲ್ಲಿತ್ತು. ಡಾಕ್ಟ್ರು ಇಂಜೆಕ್ಷನ್ ನಿಲ್ಸಿ ಪೆನಿಸಿಲಿನ್ ಜಾತಿದೇ ಆದ ಅಮಾಕ್ಸಿಸಿಲಿನ್ ಕೊಟ್ರು, ಹಳೇ ಮಾತ್ರೆ, ರೇಟೂ ಕಮ್ಮಿ. ವಾರದಲ್ಲಿ ಅಪ್ಪ ಅಂಗಳಕ್ಕೆ ಬಂದು ಬಿಸ್ಲಿಗೆ ಕೂತ್ರು.

ಕೊರತೆ ಅಂದ್ರೆ ಲ್ಯಾಬ್ ಮೊದಲನೇ ಮಹಡೀಲಿದೆ, ಲಿಫ್ಟ್ ಇಲ್ಲ, ಉಸಿರು ಕಟ್ಟೋ ವಯಸ್ಸಾದವ್ರನ್ನ ಹತ್ತಿಸೋದು ನಿಜಕ್ಕೂ ಹಿಂಸೆ, ಕೆಳಗೆ ಒಂದು ಕುರ್ಚಿ ಹಾಕಿ ಅಲ್ಲೇ ಸ್ಯಾಂಪಲ್ ತಗೊಂಡ್ರೆ ಪುಣ್ಯ ಬರುತ್ತೆ. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಎಸ್ ಅಂದ್ರೆ ಸಾಯುತ್ತೆ, ಆರ್ ಅಂದ್ರೆ ಸಾಯಲ್ಲ, ಅಷ್ಟನ್ನಾದ್ರೂ ಕನ್ನಡದಲ್ಲಿ ಪ್ರಿಂಟ್ ಮಾಡ್ಲಿ. ಹೋಗೋರು ಬೆಳಿಗ್ಗೆ ಎದ್ದ ತಕ್ಷಣದ ಕಫ ಕೊಡಿ, ಹೊಸ ಮಾತ್ರೆ ಶುರು ಮಾಡೋಕೆ ಮುಂಚೆನೇ ಕೊಡಿ, ಭಾನುವಾರ ಬಾಗ್ಲು ಹಾಕಿರುತ್ತೆ.