ಫುಗಾಜಿ ಲೈವ್ ಸೀರೀಸ್: ಬ್ಯಾಂಡೊಂದು ತನ್ನ ಸದ್ದು ಕಂಡುಕೊಂಡ ದಾರಿ

1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ ಡಿ.ಸಿ.ಯ ವಿಲ್ಸನ್ ಸೆಂಟರ್‌ನಲ್ಲಿ ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಫುಗಾಜಿ ಮೊದಲ ಸಲ ನುಡಿಸಿದಾಗ ಬ್ಯಾಂಡಿನಲ್ಲಿ ಇದ್ದವರು ಮೂವರೇ: ಗಿಟಾರ್ ಹಿಡಿದು ಹಾಡುವ ಇಯಾನ್ ಮಕಾಯ್, ಬಾಸ್ (ತಗ್ಗು ಸ್ವರಗಳ ಗಿಟಾರ್) ನುಡಿಸುವ ಜೋ ಲಾಲಿ, ಡ್ರಮ್ಸ್ ಬಾರಿಸುವ ಬ್ರೆಂಡನ್ ಕ್ಯಾಂಟಿ. ಆ ಸಂಜೆಯ ರೆಕಾರ್ಡಿಂಗನ್ನು ಇವತ್ತು ಯಾರು ಬೇಕಾದರೂ ಕೊಂಡು ಕೇಳಬಹುದು. 2002ರವರೆಗೆ ಈ ಬ್ಯಾಂಡ್ ಕೊಟ್ಟದ್ದು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ. ಅದರಲ್ಲಿ 800ಕ್ಕೂ ಹೆಚ್ಚು ಟೇಪಿನಲ್ಲಿ ಉಳಿದಿವೆ. ಮಕಾಯ್ ಅವರ ಸಂಗೀತ ಪ್ರಕಾಶನ ಸಂಸ್ಥೆ ಡಿಸ್ಕಾರ್ಡ್ ರೆಕಾರ್ಡ್ಸ್ 2011ರಲ್ಲಿ ಇವನ್ನು 'ಫುಗಾಜಿ ಲೈವ್ ಸೀರೀಸ್' ಎಂಬ ಹೆಸರಿನಲ್ಲಿ ಒಂದೊಂದಾಗಿ ಮಾರಾಟಕ್ಕೆ ಬಿಡತೊಡಗಿತು. ಆಗ ಒಂದು ಕಾರ್ಯಕ್ರಮಕ್ಕೆ ಅವರು ಸೂಚಿಸಿದ ಬೆಲೆ 5 ಡಾಲರ್, ಕೈಲಾದಷ್ಟು ಕೊಡಲೂಬಹುದಿತ್ತು. ಬ್ಯಾಂಡ್ ಬಾಗಿಲಲ್ಲಿ ಟಿಕೆಟ್ಟಿಗೆ ತೆಗೆದುಕೊಳ್ಳುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಬ್ಯಾಂಡ್ ಕಟ್ಟುತ್ತಿರುವವರಿಗೆ ಆಲ್ಬಮ್‌ಗಿಂತ ಈ ಟೇಪುಗಳೇ ಹೆಚ್ಚು ಕಲಿಸುತ್ತವೆ. ಆಲ್ಬಮ್ ಕೈಗೆ ಬರುವಷ್ಟರಲ್ಲಿ ತಪ್ಪುಗಳನ್ನೆಲ್ಲ ತಿದ್ದಿರುತ್ತಾರೆ. ಇಲ್ಲಿ ಅವು ಹಾಗೇ ಇವೆ. ಆದ್ದರಿಂದ ಇಸವಿಯ ಕ್ರಮದಲ್ಲೇ ಕೇಳಬೇಕು.

ಮೊದಲ ಕಾರ್ಯಕ್ರಮದಲ್ಲಿ ಕೇಳಿಸಿಕೊಳ್ಳಬೇಕಾದದ್ದು ಬಾಸ್. ಗಿಟಾರ್ ಒಂದೇ ಇರುವುದರಿಂದ ರಾಗದ ಭಾರವನ್ನೆಲ್ಲ ಲಾಲಿ ಹೊರುತ್ತಾರೆ. ಮಕಾಯ್ ಎಡೆ ಬಿಟ್ಟು ಬಿಟ್ಟು ನುಡಿಸುತ್ತಾರೆ. ಜಮೈಕಾದ ಸಂಗೀತವಾದ ರೆಗ್ಗೆಯ ಗುರುತು ಅಲ್ಲೇ ಇದೆ. ಆಮೇಲೆ ಗೀ ಪಿಚೋಟೊ ಬಂದರು, ಆದರೆ ಗಿಟಾರಿಲ್ಲದೆ, ಬರೀ ಹಾಡುವುದಕ್ಕೆ. 1988ರ ಟೇಪುಗಳಲ್ಲಿ ಎರಡು ಕೊರಳು, ಒಂದೇ ಗಿಟಾರ್. ಆ ಖಾಲಿ ಜಾಗವೇ ಆ ಕಾಲದ ಫುಗಾಜಿ. ಪಿಚೋಟೊ ಅವರ ಗಿಟಾರ್ ಆಲ್ಬಮ್‌ನಲ್ಲಿ ಪೂರ್ತಿಯಾಗಿ ಸೇರಿದ್ದು 1990ರ 'ರಿಪೀಟರ್'ನಿಂದ. ಎರಡನೆಯ ಗಿಟಾರ್ ಬಂದಾಗ ಹೊಸ ಬ್ಯಾಂಡುಗಳು ಸಾಮಾನ್ಯವಾಗಿ ಎಡವುವುದು ಇಲ್ಲೇ: ಇಬ್ಬರೂ ಅದೇ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು, ಅದೇ ಟೋನಿನಲ್ಲಿ ಬಾರಿಸಿದರೆ ಸದ್ದು ದಪ್ಪವಾಗುವ ಬದಲು ಕಲಸಿಹೋಗುತ್ತದೆ, ಬಾಸ್ ಮುಳುಗುತ್ತದೆ. ಇವರು ಮಾಡಿದ್ದೇ ಬೇರೆ. ಮಕಾಯ್ ಅವರ ಗಿಬ್ಸನ್ ಎಸ್‌ಜಿ ಗಿಟಾರ್ ನೇರ ಮಾರ್ಷಲ್ ಆಂಪಿಗೆ (ಸದ್ದು ಹೆಚ್ಚಿಸುವ ಯಂತ್ರಕ್ಕೆ) ಹೋಗುತ್ತದೆ, ನಡುವಣ ಸ್ವರಗಳ ಗಟ್ಟಿ ಸದ್ದು. ಪಿಚೋಟೊ ಅವರ ರಿಕನ್‌ಬ್ಯಾಕರ್ ಗಿಟಾರ್ ಅದರ ಮೇಲೆ ಚೂಪಾಗಿ, ಗೀರಿದಂತೆ ಕೇಳುತ್ತದೆ. ಒಬ್ಬರು ತಾಳ ಹಿಡಿದಾಗ ಇನ್ನೊಬ್ಬರು ಫೀಡ್‌ಬ್ಯಾಕಿಗೆ (ಆಂಪಿನ ಸದ್ದು ಮತ್ತೆ ಗಿಟಾರಿಗೇ ಹೊಕ್ಕು ಕೂಗುವುದು) ಹೋಗುತ್ತಾರೆ. 1990ರಿಂದ 93ರವರೆಗಿನ ಯಾವುದಾದರೂ ಎರಡು ಕಾರ್ಯಕ್ರಮ ಕೊಂಡರೆ ಇದು ಸ್ಪಷ್ಟವಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಇವರು ಹಾಡುಗಳ ಪಟ್ಟಿ ಮಾಡಿಕೊಂಡು ವೇದಿಕೆ ಹತ್ತುತ್ತಿರಲಿಲ್ಲ. ಮುಂದಿನ ಹಾಡು ಯಾವುದೆಂದು ಅಲ್ಲೇ, ನುಡಿಸುತ್ತಲೇ ತೀರ್ಮಾನ. ಹಾಡುಗಳ ನಡುವೆ ಕ್ಯಾಂಟಿಯ ಡ್ರಮ್ಸ್ ನಿಲ್ಲದೆ ಮುಂದುವರಿಯುವಾಗ ಉಳಿದವರು ಹೇಗೆ ಸೇರಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ತಾಲೀಮಿನ ಆಳ ತಿಳಿಯುವುದು ಆ ಹತ್ತು ಹದಿನೈದು ಸೆಕೆಂಡಿನಲ್ಲಿ.

ಕೊರತೆಗಳೂ ಇವೆ. ಡಿಸ್ಕಾರ್ಡ್ ಜಾಲತಾಣದ ಪ್ರತಿ ಕಾರ್ಯಕ್ರಮದ ಪುಟದಲ್ಲಿ ಸ್ಥಳ, ಟಿಕೆಟ್ ದರ, ಮೂಲ ಟೇಪು, ಸದ್ದಿನ ದರ್ಜೆ ಕೊಟ್ಟಿದ್ದಾರೆ. ಕೊಳ್ಳುವ ಮುಂಚೆ ದರ್ಜೆ ಓದಿ. ಚಿಕ್ಕ ಕ್ಲಬ್ಬುಗಳಲ್ಲಿ ಮಿಕ್ಸರಿನಿಂದ (ಎಲ್ಲ ಮೈಕುಗಳ ಸದ್ದು ಬೆರೆಸುವ ಉಪಕರಣ) ನೇರ ತೆಗೆದ ಟೇಪುಗಳಲ್ಲಿ ಹಾಡುವ ದನಿ ಮುಂದೆ, ಗಿಟಾರ್ ಹಿಂದೆ. ಕಾರಣ ಸರಳ: ಆಂಪುಗಳು ಹಾಲ್ ತುಂಬುವಷ್ಟು ಜೋರಿರುವಾಗ ಅವನ್ನು ಮಿಕ್ಸರಿಗೆ ಹೆಚ್ಚು ಕೊಡಬೇಕಿಲ್ಲ. ಪ್ರೇಕ್ಷಕರ ನಡುವೆ ಮೈಕ್ ಇಟ್ಟು ತೆಗೆದದ್ದರಲ್ಲಿ ಇದು ತಲೆಕೆಳಗು, ಸಭಾಂಗಣದ ಗುಂಗು ಬಾಸನ್ನು ನುಂಗುತ್ತದೆ. ಹಳೆಯ ಕ್ಯಾಸೆಟ್ಟುಗಳ ವೇಗ ಏರುಪೇರಾದರೆ ಶ್ರುತಿಯೂ ಏರುಪೇರಾಗುತ್ತದೆ. ಜೊತೆಗೆ ಗಿಟಾರ್ ಹಿಡಿದು ಅಭ್ಯಾಸ ಮಾಡುವವರು ತಂತಿಗಳನ್ನು ಟೇಪಿಗೆ ಹೊಂದಿಸಿಕೊಳ್ಳಬೇಕಾದೀತು. ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ, ಲಾಲಿ ಪೂರ್ತಿ ಮಾಯವಾಗುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಅವಸರ ಬೇಡ, ಐದು ಸಾಕು: ಮೊದಲನೆಯದು, 1988ರದೊಂದು, 1990ರ ನಂತರದ ಎರಡು, ಮತ್ತು 2002ರ ನವೆಂಬರ್ 4ರಂದು ಲಂಡನ್ನಿನ ಫೋರಂನಲ್ಲಿ ನಡೆದ ಕೊನೆಯದು. ಕೊನೆಯ ವರ್ಷಗಳಲ್ಲಿ ಜೆರ್ರಿ ಬುಶರ್ ಎರಡನೆಯ ಡ್ರಮ್ಮರಾಗಿ ಜೊತೆಗಿದ್ದರು. ಹಾಡುಗಳ ಪಟ್ಟಿ ನೋಡಿ, ಬೇರೆ ಬೇರೆ ಇಸವಿಗಳಲ್ಲಿ ಸಿಗುವ ಒಂದೇ ಹಾಡನ್ನು ಆರಿಸಿ, ಮೊದಲ ಸಲ ಬಾಸ್ ಮಾತ್ರ, ಎರಡನೆಯ ಸಲ ಡ್ರಮ್ಸ್ ಮಾತ್ರ ಹಿಂಬಾಲಿಸಿ. ಗಿಟಾರುಗಳಿಗೆ ಮೂರನೆಯ ಸಲ ಬನ್ನಿ.