ಆರು ಮಿಲಿಮೀಟರ್ ಇಂಪ್ಲಾಂಟ್ ಹಾಕಿಸಿಕೊಳ್ಳುವ ಮುನ್ನ

ಕೆಳದವಡೆಯ ಎಡಭಾಗದಲ್ಲಿ ಹಾಕಿಸಿಕೊಂಡಿದ್ದ ಗಿಡ್ಡ ಇಂಪ್ಲಾಂಟನ್ನು (ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಎರಡೂವರೆ ವರ್ಷದಲ್ಲೇ ತೆಗೆಸಬೇಕಾಯಿತು. ಅದೇ ದಾರಿಯಲ್ಲಿರುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ. ಚಿಕಿತ್ಸಾಲಯದ ಹೆಸರು ಹೇಳುವುದಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಲ್ಲಾಡುತ್ತಿದ್ದ ದವಡೆ ಹಲ್ಲನ್ನು ಕೀಳಿಸಿ ಹತ್ತು ವರ್ಷ ಆ ಜಾಗವನ್ನು ಖಾಲಿ ಬಿಟ್ಟಿದ್ದರಿಂದ ಅಲ್ಲಿನ ಮೂಳೆ ಕರಗಿ, ಕೆಳದವಡೆಯೊಳಗೆ ಸಾಗುವ ನರದ ಮೇಲೆ ಉಳಿದದ್ದು 8 ಮಿಲಿಮೀಟರ್ ಮಾತ್ರ. ನರಕ್ಕೆ ತಾಗದಂತೆ 2 ಮಿಲಿಮೀಟರ್ ಬಿಡಬೇಕಾದ್ದರಿಂದ 6 ಮಿಲಿಮೀಟರ್ ಉದ್ದದ್ದನ್ನು ಹಾಕೋಣ, ಮೂಳೆ ಕಸಿಯ ಖರ್ಚೂ ನೋವೂ ತಪ್ಪುತ್ತದೆ ಎಂದರು ವೈದ್ಯರು. ಆ ಸಲಹೆ ತಪ್ಪಲ್ಲ. ಯೋಗ್ಯ ರೋಗಿಯಲ್ಲಿ ಗಿಡ್ಡ ಇಂಪ್ಲಾಂಟುಗಳು ಚೆನ್ನಾಗಿಯೇ ಬಾಳುತ್ತವೆ. ಆದರೆ ನಾನು ಯೋಗ್ಯನೇ ಎಂದು ಯಾರೂ ನೋಡಲಿಲ್ಲ. ಹಳೆಯ ಹಲ್ಲು ಹೋದದ್ದು ಒಸಡಿನ ರೋಗದಿಂದಲೋ ಎಂದು ಕೇಳಲಿಲ್ಲ, ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟೆಂದು ಕೇಳಲಿಲ್ಲ, ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂದೂ ಕೇಳಲಿಲ್ಲ. ಬೀಡಿ ಸಿಗರೇಟು ಸೇದುವವರಿಗೆ ಮೂಳೆ ಬೇಗ ಕರಗುತ್ತದೆಂದು ಎಲ್ಲೋ ಓದಿ, ಆ ಚಟವಿಲ್ಲದ ನನಗೇನು ಭಯ ಎಂದುಕೊಂಡು ನಾನೂ ಬಾಯಿ ಬಿಡಲಿಲ್ಲ.

ಮೂರು ತಿಂಗಳ ನಂತರ ಇಂಪ್ಲಾಂಟಿನ ಮೇಲೆ ಹಲ್ಲಿನಾಕಾರದ ಕ್ಯಾಪ್ ಕೂರಿಸಿದರು; ಸ್ಕ್ರೂ ಹಾಕಿ ಬಿಗಿಯುವ ಬದಲು ಸಿಮೆಂಟಿನಿಂದ ಅಂಟಿಸಿದರು. ಒಸಡಿನ ಕೆಳಗೆ ಜಾರಿದ ಸಿಮೆಂಟನ್ನು ಪೂರ್ತಿ ತೆಗೆಯದಿದ್ದರೆ ಅದರ ಸುತ್ತ ಸೂಕ್ಷ್ಮಾಣುಗಳು ನೆಲೆಸಿ, ಒಸಡು ಉರಿಗೊಂಡು, ಕೆಳಗಿನ ಮೂಳೆ ಕರಗತೊಡಗಬಹುದು. ಅಂದು ಒಂದು ಎಕ್ಸ್-ರೇ ತೆಗೆದಿದ್ದರೆ ಉಳಿದ ಸಿಮೆಂಟ್ ಕಾಣುವ ಸಾಧ್ಯತೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೂಳೆ ಮೊದಲ ದಿನ ಎಲ್ಲಿತ್ತೆಂಬುದಕ್ಕೆ ದಾಖಲೆ ಸಿಗುತ್ತಿತ್ತು. ತೆಗೆಯಲಿಲ್ಲ. ಎಂಟು ತಿಂಗಳಿಗೆ ಹಲ್ಲುಜ್ಜುವಾಗ ರಕ್ತ ಬಂದು ಫೋನ್ ಮಾಡಿದರೆ, ಇಂಪ್ಲಾಂಟಿನಲ್ಲಿ ಅದು ಸಹಜ ಎಂದರು. ನೋವಿಲ್ಲದ್ದರಿಂದ ನಾನು ನಂಬಿದೆ. ಇಂಪ್ಲಾಂಟಿನ ಸುತ್ತ ಒಸಡು ಉರಿಗೊಂಡು ಮೂಳೆ ಕರಗುವ ಈ ರೋಗ ಬಹುಪಾಲು ನೋವಿಲ್ಲದೆಯೇ ಬೆಳೆಯುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

ಕ್ಯಾಪ್ ಅಲುಗಾಡಿದಾಗ ಬೇರೊಬ್ಬ ವೈದ್ಯರ ಬಳಿ ಹೋದೆ. ಎಕ್ಸ್-ರೇಯಲ್ಲಿ ಇಂಪ್ಲಾಂಟಿನ ಸುತ್ತ 3.5 ಮಿಲಿಮೀಟರಿನಷ್ಟು ಮೂಳೆ ಕರಗಿಹೋಗಿತ್ತು. 1986ರಲ್ಲಿ ಸ್ವೀಡನ್ನಿನ ಸಂಶೋಧಕ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು ಇಂಪ್ಲಾಂಟಿನ ಯಶಸ್ಸಿಗೆ ಮುಂದಿಟ್ಟ ಮಾನದಂಡದಂತೆ ಮೊದಲ ವರ್ಷದ ನಂತರದ ಕರಗುವಿಕೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆ ಇರಬೇಕು. 2017ರ ಅಂತರರಾಷ್ಟ್ರೀಯ ತಜ್ಞರ ಸಮಾವೇಶ, ಹಳೆಯ ಎಕ್ಸ್-ರೇ ಇಲ್ಲದ ಕಡೆ, ರಕ್ತಸ್ರಾವ ಮತ್ತು ಒಸಡಿಗೂ ಇಂಪ್ಲಾಂಟಿಗೂ ನಡುವೆ ಆಳವಾದ ಗುಳಿಯ ಜೊತೆಗೆ 3 ಮಿಲಿಮೀಟರ್ ಅಥವಾ ಹೆಚ್ಚು ಮೂಳೆ ಇಳಿದಿರುವುದನ್ನು ರೋಗದ ಗುರುತಾಗಿ ಒಪ್ಪಿತು. 12 ಮಿಲಿಮೀಟರ್ ಇಂಪ್ಲಾಂಟಿಗೆ 3 ಎಂದರೆ ಕಾಲು ಭಾಗ, ನನ್ನದಕ್ಕೆ ಅರ್ಧ. ಉದ್ದನೆಯದರಲ್ಲಿ ಚಿಕಿತ್ಸೆಗೆ ಸಮಯ ಸಿಗುವ ನಷ್ಟವೇ ಗಿಡ್ಡದ್ದನ್ನು ಬುಡಸಮೇತ ಅಲುಗಿಸಬಹುದು.

ಮೇಲಿನ ಕ್ಯಾಪ್ 11 ಮಿಲಿಮೀಟರ್ ಎತ್ತರ, ಕೆಳಗಿನ ಬೇರು 6. ಈ ಅಸಮತೋಲವೇ ಕಾರಣವೆಂದು ನಾನು ವಾದಿಸಿದೆ. ಆ ಅನುಪಾತದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ನಿಮ್ಮಲ್ಲಿ ಮೊದಲು ಸಂಶಯಪಡಬೇಕಾದದ್ದು ಹಳೆಯ ಒಸಡಿನ ರೋಗ, ಹಿಡಿತಕ್ಕೆ ಬಾರದ ಸಕ್ಕರೆ ಮತ್ತು ಇದು ಎಂದು ವೈದ್ಯರು, ತೆಗೆದ ಇಂಪ್ಲಾಂಟಿನ ಮೇಲ್ತುದಿಗೆ ಅಂಟಿದ್ದ ಸಿಮೆಂಟಿನ ಬಿಳಿ ಚೂರನ್ನು ತೋರಿಸಿದರು. ಹಲ್ಲು ಕಡಿಯುವವರಿಗೆ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಕೊಡಬೇಕಿತ್ತೆಂದೂ ಹೇಳಿದರು.

ಈಗ ನರದ ಮೇಲೆ ಉಳಿದಿರುವುದು ಸುಮಾರು ನಾಲ್ಕೂವರೆ ಮಿಲಿಮೀಟರ್. ತಪ್ಪಿತೆಂದುಕೊಂಡಿದ್ದ ಮೂಳೆ ಕಸಿ ಈಗ ಇನ್ನೂ ದೊಡ್ಡದಾಗಿ ಮುಂದಿದೆ. ಅದಕ್ಕೆ ಮುನ್ನ ಸಕ್ಕರೆ ಇಳಿಯಬೇಕು, ಉಳಿದ ಹಲ್ಲುಗಳ ಒಸಡು ವಾಸಿಯಾಗಬೇಕು. ಈ ಬಾರಿಯ ಎಕ್ಸ್-ರೇಗಳ ಪ್ರತಿಯೆಲ್ಲ ನನ್ನ ಕಪಾಟಿನಲ್ಲಿದೆ.